ವಿಷಯ: ರತ್ನಿಗೆ ನೀರು ಒದಗಿಸುವ ಬಗ್ಗೆ

"ರತ್ನಿ ಹತ್ರ ಇನ್ನೊಂದು ವಾರಕ್ಕಾಗೋಷ್ಟು ನೀರಿದೆ, ಅಷ್ಟೇ ಮೇಡಂ. ಆಮೇಲೆ ಏನ್ಮಾಡ್ತಾಳೋ. ಒಬ್ಬಳೇ ಬೇರೆ ಇದಾಳೆ."

ಚಂದ್ರಪಾಲ್ ನನ್ನ ಜೊತೆ ಆಡಿದ ಮೊದಲ ಮಾತು ಇದು. ನನ್ನ ಅಂಕಪಟ್ಟಿಗಳನ್ನು ಒಂದೊಂದಾಗಿ ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಹಾಕುತ್ತಾ, ನನ್ನ ಮುಖವನ್ನೂ ನೋಡದೆ, ಪಕ್ಕದ ಮನೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. ಪಾಪ, ಇವರ ಮಗಳು ಯಾವುದೋ ಹಾಸ್ಟೆಲಿನಲ್ಲಿ ನೀರಿಲ್ಲದೆ ಪರದಾಡುತ್ತಿದ್ದಾಳೆ ಎಂದುಕೊಂಡೆ. ಬೇಸಿಗೆ ಬೇರೆ. "ವಾರ್ಡನ್‌ಗೆ ಹೇಳ್ಬೇಕಿತ್ತು. ಎಲ್ಲಿರೋದು ಅವಳು?" ಎಂದು ಕೇಳಿದೆ. ಅವರು ತಲೆಯೆತ್ತಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅದಕ್ಕಿನ್ನೂ ಹೆಸರಿಟ್ಟಿಲ್ಲ ಮೇಡಂ. ನಮ್ಮ ಸೂರ್ಯನ ಸುತ್ತ ತಿರುಗೋ ಗ್ರಹ ಅಲ್ಲ ಅದು" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಈ ಮನುಷ್ಯನಿಗೆ ಎಲ್ಲೋ ಒಂದು ಸುತ್ತು ಸಡಿಲ ಎಂದುಕೊಂಡು ನಾನು ಚಿಲ್ಲರೆಯನ್ನೂ ಎಣಿಸಿಕೊಳ್ಳದೆ ಹೊರಟೆ.

ಆಗ ನಾನು ಬೇಲೂರಿನ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಹೇಳಿಕೊಡುವುದು ಲೆಕ್ಕಶಾಸ್ತ್ರ. ಮನೆ ಅರಸೀಕೆರೆಯಲ್ಲಿ. ಮದುವೆ ಮುರಿದ ಮೇಲೆ ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆಯೊಂದನ್ನು ಹಿಡಿದಿದ್ದೆ. ಬೇಲೂರಿಗೇ ಬಂದಿರಬಾರದೇ ಎಂದು ಎಲ್ಲರೂ ಕೇಳುತ್ತಿದ್ದರು. ಅತಿಥಿ ಎಂದರೆ ಅತಿಥಿಯೇ. ವರ್ಷಾವರ್ಷ ಹೊಸದಾಗಿ ಅರ್ಜಿ ಹಾಕಿ, ಅವೇ ಅಂಕಪಟ್ಟಿಗಳ ಪ್ರತಿ ಕೊಟ್ಟು, ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಅದನ್ನು ನಂಬಿ ಯಾರು ಮನೆ ಬದಲಿಸುತ್ತಾರೆ? ಹಾಗಾಗಿ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಜಾವಗಲ್ಲು, ಹಳೇಬೀಡು, ಬೇಲೂರು. ಮತ್ತೆ ಬೇಲೂರು, ಹಳೇಬೀಡು, ಜಾವಗಲ್ಲು. ಮನೆಗೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟುಹೋದ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನೇ ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದೆ.

'ಮೈತ್ರಿ ಜೆರಾಕ್ಸ್' ಇದ್ದದ್ದು ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ. ಅಂಗಡಿಯೆಂದರೆ ಒಂದು ಯಂತ್ರ, ಒಂದು ಕಂಪ್ಯೂಟರು, ಗೋಡೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಬುದ್ಧ, ಮುಂದೆ ಎರಡು ಪ್ಲಾಸ್ಟಿಕ್ ಸ್ಟೂಲು. ಚಂದ್ರಪಾಲ್ ಎತ್ತರದ ಆಳು. ಯಂತ್ರದ ಕಡೆ ಬಗ್ಗಿ ಬಗ್ಗಿ ಎಡಭುಜ ಸ್ವಲ್ಪ ಇಳಿದುಹೋಗಿತ್ತು. ವಯಸ್ಸು ಐವತ್ತರ ಮೇಲೆ. ಹೊರಗೆ ಬರುವ ಪ್ರತಿ ಹಾಳೆಯನ್ನೂ ಒಮ್ಮೆ ಉಫ್ ಎಂದು ಊದಿಯೇ ಕೈಗೆ ಕೊಡುತ್ತಿದ್ದರು. ಪ್ರತಿ ತೆಗೆಯುವುದಕ್ಕಿಂತ ಅರ್ಜಿ ಬರೆಯುವುದೇ ಅವರಿಗೆ ಹೆಚ್ಚಿನ ಕೆಲಸ. ಪಿಂಚಣಿ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಾದವರು, ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾದವರು, ಎಲ್ಲರೂ ಮೊದಲು ಅವರ ಸ್ಟೂಲಿನ ಮೇಲೆ ಕೂತು ಕಷ್ಟ ಹೇಳಿಕೊಂಡು ಆಮೇಲೆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು.

ಮುಂದಿನ ಸಲ ಹೋದಾಗ ಅವರು ಪ್ರತಿಗಳ ಜೊತೆ ಸುರುಳಿ ತಂತಿ ಹಾಕಿ ಹೊಲಿದ ಒಂದು ದಪ್ಪ ಕಟ್ಟನ್ನು ನನ್ನ ಮುಂದೆ ಸರಿಸಿದರು.

"ಅರಸೀಕೆರೆ ಬಸ್ಸಲ್ವಾ ನಿಮ್ದು? ಓದ್ಕೊಂಡು ಹೋಗಿ. ಚೆನ್ನಾಗಿಲ್ದಿದ್ರೆ ಬೈರಿ. ಆದ್ರೆ ಓದಿ ಬೈರಿ."

"ನನಗೆ ಕಥೆಗಿತೆ ಆಗಲ್ಲ" ಎಂದೆ.

"ಆಗದೇ ಇರೋರೇ ಬೇಕು ಮೇಡಂ. ಇಷ್ಟ ಇರೋರು ಎಲ್ಲಾನೂ ಚೆನ್ನಾಗಿದೆ ಅಂತಾರೆ."

ಬಸ್ಸಿನಲ್ಲಿ ತೆಗೆದು ನೋಡಿದರೆ ಹಾಳೆಯ ಒಂದು ಬದಿ ಯಾರದೋ ಕೆಟ್ಟುಹೋದ ಪಹಣಿ ಪ್ರತಿ, ಇನ್ನೊಂದು ಬದಿ ಕಥೆ. ಮೊಬೈಲಿನಲ್ಲಿ ಓದಿದರೆ ಕಣ್ಣು ಉರಿಯುತ್ತದೆಂದು, ತಮಗೆ ಹಿಡಿಸಿದ್ದನ್ನೆಲ್ಲ ಅವರು ರದ್ದಿ ಹಾಳೆಗಳ ಬೆನ್ನಿಗೆ ಅಚ್ಚು ತೆಗೆದಿಟ್ಟುಕೊಳ್ಳುತ್ತಿದ್ದರು. ಯಾವುದೂ ಪುಸ್ತಕವಾದ ಕಥೆಯಲ್ಲ. ಹೆಸರೇ ಕೇಳದ ಜನ ಮೊಬೈಲಿನಲ್ಲಿ ಕುಟ್ಟಿ, ಅಂತರ್ಜಾಲದಲ್ಲಿ ಹಾಕಿ, ಯಾರಾದರೂ ಓದಿಯಾರೇ ಎಂದು ಕಾಯುವಂಥ ಕಥೆಗಳು. ಬೇರೆ ಗ್ರಹ, ಮುಂದಿನ ಕಾಲ, ಮಾತಾಡುವ ಯಂತ್ರ, ಸತ್ತವರನ್ನು ತಿರುಗಿ ಕರೆಯುವ ಯಂತ್ರ. ಹಳೇಬೀಡು ದಾಟುವ ತನಕ ನಾನು ತಪ್ಪು ಹುಡುಕುತ್ತಾ ಓದಿದೆ. ಜಾವಗಲ್ಲಿನಲ್ಲಿ ಪಕ್ಕದವರು ಇಳಿದದ್ದು ಗೊತ್ತಾಗಲಿಲ್ಲ. ಅರಸೀಕೆರೆಯಲ್ಲಿ ಕಂಡಕ್ಟರ್ ಬಂದು, "ಮೇಡಂ, ಬಸ್ಸು ಮುಂದಕ್ಕೆ ಹೋಗಲ್ಲ, ಇಳೀರಿ" ಎಂದ.

ಈ ರದ್ದಿ ಹಾಳೆಯ ಹವ್ಯಾಸದಿಂದ ಅವರು ಒಮ್ಮೆ ಪೇಚಿಗೂ ಸಿಕ್ಕಿಕೊಂಡಿದ್ದರಂತೆ. ರದ್ದಿ ಮುಗಿದಿದ್ದ ಒಂದು ದಿನ ಹೊಸ ಹಾಳೆಯ ಮೇಲೇ ಕಥೆ ತೆಗೆದಿದ್ದರು. ಆ ಹಾಳೆಗಳು ಹೇಗೋ ಮತ್ತೆ ಯಂತ್ರದ ತಟ್ಟೆಗೆ ಸೇರಿ, ಒಬ್ಬ ರೈತರ ಖಾತೆ ಬದಲಾವಣೆಯ ಅರ್ಜಿ ಬೆನ್ನಿನ ಮೇಲೆ ಎರಡು ರೊಬೋಟುಗಳ ಮದುವೆ ಮಾತುಕತೆಯನ್ನು ಹೊತ್ತುಕೊಂಡು ಕಚೇರಿಯ ಒಳಗೆ ಹೋಯಿತು. ಶಿರಸ್ತೇದಾರರು ಇವರನ್ನು ಕರೆಸಿ, "ಅರ್ಜಿದಾರರು ಯಾವ ಗ್ರಹದೋರು ಕಣ್ರೀ?" ಎಂದು ಗದರಿದರಂತೆ. ಸಂಜೆ ಮನೆಗೆ ಹೋಗುವಾಗ ಅದೇ ಶಿರಸ್ತೇದಾರರು ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ, ಮದುವೆ ನಡೆಯಿತೋ ಮುರಿಯಿತೋ ಎಂದು ವಿಚಾರಿಸಿಕೊಂಡು ಹೋದರಂತೆ. ಇದನ್ನು ಹೇಳುವಾಗ ಮಾತ್ರ ಚಂದ್ರಪಾಲ್ ಬಾಯಿ ತುಂಬ ನಗುತ್ತಿದ್ದರು.

"ಪುಸ್ತಕ ಮಾಡೋರಿಗೆ ಹೇಗೋ ಓದೋರು ಸಿಗ್ತಾರೆ. ಇವರೆಲ್ಲ ಯಾರು ಮೇಡಂ? ಹಗಲೆಲ್ಲ ಎಲ್ಲೋ ದುಡೀತಾರೆ. ಸಂಜೆ ಅನ್ನಕ್ಕಿಟ್ಟು, ಅದು ಬೇಯೋದರೊಳಗೆ ಒಂದು ಗ್ರಹ ಮಾಡಿ ಹಾಕ್ತಾರೆ. ಕಾಗುಣಿತ ತಪ್ಪಿರುತ್ತೆ. ಇರ್ಲಿ ಬಿಡಿ. ಗ್ರಹ ಮಾಡೋದು ಅಂದ್ರೆ ತಮಾಷೆನಾ?" ಎನ್ನುತ್ತಿದ್ದರು. ಅಷ್ಟು ಕಷ್ಟಪಟ್ಟು ಮಾಡಿದ ಗ್ರಹಕ್ಕೆ ಒಬ್ಬರಾದರೂ ಹೋಗಿ ಬರದಿದ್ದರೆ ಅದು ಅನ್ಯಾಯ ಎಂಬುದು ಅವರ ವಾದ. ಅದಕ್ಕೇ ಓದಿದ ಪ್ರತಿ ಕಥೆಯ ಕೆಳಗೂ ಅಭಿಪ್ರಾಯ ಬರೆಯುತ್ತಿದ್ದರು. ಆದರೆ ಇಪ್ಪತ್ತೈದು ಮೂವತ್ತು ವರ್ಷ ಅರ್ಜಿ ಬರೆದ ಬೆರಳುಗಳಿಗೆ ಬೇರೆ ಧಾಟಿ ಒಗ್ಗುತ್ತಲೇ ಇರಲಿಲ್ಲ. ಯಾರೋ ಕಾಲೇಜು ಹುಡುಗನ ಕಥೆಗೆ ಅವರು ಬರೆದದ್ದು ನನಗಿನ್ನೂ ನೆನಪಿದೆ:

"ಮಾನ್ಯರೇ, ವಿಷಯ: ಮೂರನೆಯ ಚಂದ್ರನು ಕಾಣೆಯಾಗಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮೊದಲ ಕಂತಿನಲ್ಲಿ ಸದರಿ ಗ್ರಹಕ್ಕೆ ಮೂವರು ಚಂದ್ರರಿದ್ದು, ನಾಲ್ಕನೆಯ ಕಂತಿನಲ್ಲಿ ಇಬ್ಬರೇ ಕಂಡುಬಂದಿರುತ್ತಾರೆ. ದಯಮಾಡಿ ಪರಿಶೀಲಿಸಿ ಇನ್ನೊಬ್ಬನನ್ನು ಹುಡುಕಿಕೊಡಬೇಕಾಗಿ ಕೋರುತ್ತೇನೆ. ಕಥೆಯು ಬಹಳ ಚೆನ್ನಾಗಿದ್ದು, ಓದುತ್ತಾ ಊಟ ಮರೆತಿರುತ್ತೇನೆ. ತಮ್ಮ ವಿಶ್ವಾಸಿ."

ಆ ಹುಡುಗ ಮುಂದಿನ ಕಂತಿನಲ್ಲಿ ಚಂದ್ರನನ್ನು ಹುಡುಕಿಕೊಟ್ಟಿದ್ದ.

ಹೀಗೆ ನನ್ನ ಸಂಜೆಗಳಿಗೆ ಒಂದು ರೂಢಿಯಾಯಿತು. ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಅರ್ಧ ಗಂಟೆ ಸಿಗುತ್ತಿತ್ತು. ಆ ಅರ್ಧ ಗಂಟೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಅರ್ಧರ್ಧ ಟೀ ಕುಡಿಯುತ್ತಾ, ಇಲ್ಲದ ಊರುಗಳ ಇಲ್ಲದ ಜನರ ಬಗ್ಗೆ ನಾವಿಬ್ಬರೂ ಜಗಳವಾಡುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ಆ ಅರ್ಧ ಗಂಟೆಗಾಗಿ ನಾನು ದಿನವಿಡೀ ಕಾಯುತ್ತಿದ್ದೆ. ಅವರೂ ಕಾಯುತ್ತಿದ್ದರೆಂದು ಕಾಣುತ್ತದೆ. ನನ್ನ ಕ್ಲಾಸು ತಡವಾದ ದಿನ ಟೀ ತರಿಸಿ, ಅದರ ಮೇಲೆ ಒಂದು ರದ್ದಿ ಹಾಳೆ ಮುಚ್ಚಿಟ್ಟಿರುತ್ತಿದ್ದರು.

ಅವರಿಗೆ ಬೇರೆ ಯಾರೂ ಇರಲಿಲ್ಲ. ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಬೌದ್ಧ ಧರ್ಮಕ್ಕೆ ಸೇರಿದ ಮೇಲೆ ಹುಟ್ಟಿದ ಇಬ್ಬರು ಮಕ್ಕಳಿಗೆ ಚಂದ್ರಪಾಲ, ಆನಂದ ಎಂದು ಹೆಸರಿಟ್ಟು, ಇಬ್ಬರೂ ವಿಜ್ಞಾನ ಓದಬೇಕೆಂದು ಹಟ ಹಿಡಿದವರು. ತಮ್ಮ ಆನಂದ ಇಂಜಿನಿಯರಾಗಿ ಹಾಸನದಲ್ಲಿ ಮನೆ ಕಟ್ಟಿದರು. ಅಣ್ಣ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ತಂದೆ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಒಬ್ಬರು ಬೇಕಿತ್ತು, ಇವರು ಉಳಿದರು. ತಂದೆ ಹೋಗುವಷ್ಟರಲ್ಲಿ ಓದಿನ ಕಾಲವೂ ಮದುವೆಯ ಕಾಲವೂ ಮುಗಿದಿತ್ತು. ತಮ್ಮ ಆಗಾಗ ಫೋನು ಮಾಡಿ, "ಇನ್ನೂ ಆ ರಾಕೆಟ್ ಕಥೆ ಓದ್ತಾ ಕೂತಿದೀಯೇನೋ?" ಎಂದು ಕೇಳುತ್ತಿದ್ದರಂತೆ. "ಹೂಂ ಅಂತೀನಿ. ಅಲ್ಲಿಗೆ ಮಾತು ಮುಗಿಯುತ್ತೆ" ಎಂದು ಚಂದ್ರಪಾಲ್ ಹೇಳಿದ್ದರು.

ಇನ್ನು ರತ್ನಿಯ ವಿಷಯ. 'ಹೊಂಗೆನೆರಳು' ಎಂಬ ಹೆಸರಿನಲ್ಲಿ ಯಾರೋ ಬರೆಯುತ್ತಿದ್ದ ಧಾರಾವಾಹಿಯ ನಾಯಕಿ ಅವಳು. ಒಂದು ದೂರದ ಗ್ರಹದಲ್ಲಿ ಕೆಲಸಕ್ಕೆ ಹೋದ ತಂಡದವರು ಅಪಾಯ ಕಂಡು ಅವಸರದಲ್ಲಿ ನೌಕೆ ಹತ್ತುತ್ತಾರೆ. ರತ್ನಿ ಬಂದಿಲ್ಲವೆಂಬುದು ಯಾರಿಗೂ ನೆನಪಾಗುವುದಿಲ್ಲ. ಅವಳು ಗೊಣಗುವುದಿಲ್ಲ, ಅಳುವುದೂ ಇಲ್ಲ. ಮುಚ್ಚಿದ ಗಾಜಿನ ಮನೆಯಲ್ಲಿ ಬೆಳಿಗ್ಗೆ ಎದ್ದು ಹಾಸಿಗೆ ಸುತ್ತಿಡುತ್ತಾಳೆ, ಉಳಿದ ನೀರನ್ನು ಅಳೆಯುತ್ತಾಳೆ, ಹೊರಗೆ ನಿಂತ ಕರಿಕಲ್ಲಿನ ಕಂಬಗಳಲ್ಲಿ ತನ್ನದೇ ಮುಖ ನೋಡಿಕೊಂಡು ಸಮಾಚಾರ ಕೇಳುತ್ತಾಳೆ. ಇಷ್ಟೇ ಕಥೆ. ಓದುತ್ತಿದ್ದವರು ನಮ್ಮಂಥ ನಾಲ್ಕಾರು ಜನ ಇದ್ದಿರಬಹುದು. ನನಗೆ ಆ ಕಥೆ ಓದಲು ಭಯವಾಗುತ್ತಿತ್ತು, ಓದದೆ ಇರಲಿಕ್ಕೂ ಆಗುತ್ತಿರಲಿಲ್ಲ. ಚಂದ್ರಪಾಲರಿಗಂತೂ ರತ್ನಿ ಮನೆಯ ಹುಡುಗಿಯೇ ಆಗಿಬಿಟ್ಟಿದ್ದಳು. ಮಧ್ಯಾಹ್ನ ನೀರಿನ ಬಾಟಲಿ ಎತ್ತಿದವರು ಒಂದು ಕ್ಷಣ ತಡೆದು ಕುಡಿಯುವುದನ್ನು ನಾನೇ ನೋಡಿದ್ದೇನೆ.

ನೀರು ಇನ್ನೇನು ಮುಗಿಯುತ್ತದೆ ಎನ್ನುವಲ್ಲಿಗೆ ತಂದು ನಿಲ್ಲಿಸಿ ಹೊಂಗೆನೆರಳು ಸುಮ್ಮನಾದರು. ಒಂದು ವಾರ ಹೋಯಿತು, ತಿಂಗಳಾಯಿತು, ಮುಂದಿನ ಕಂತಿಲ್ಲ. ಚಂದ್ರಪಾಲ್ ಅಂಗಡಿಯಲ್ಲಿ ಕೂತಲ್ಲಿ ಕೂರಲಾರದಾದರು. "ಅವರಿಗೆ ಏನೋ ತೊಂದರೆ ಇರುತ್ತೆ, ಕಾಯೋಣ" ಎಂದು ನಾನು ಹೇಳಿದರೆ, "ನಾವು ಕಾಯಬೋದು ಮೇಡಂ. ರತ್ನಿ ಕಾಯೋಕಾಗುತ್ತಾ?" ಎಂದರು. ಒಂದು ಸಂಜೆ ಕಥೆಯ ಕೆಳಗೆ ಬರೆದೇಬಿಟ್ಟರು. ಅಂದು ಬೆಳಗಿನಿಂದ ಯಾರದೋ ಒತ್ತುವರಿ ತಂಟೆಗೆ ಸಂಬಂಧಿಸಿದ ನೋಟಿಸು ಬೆರಳಚ್ಚು ಮಾಡಿ ಮಾಡಿ ಕೈ ಅದೇ ಹದಕ್ಕೆ ಬಂದಿತ್ತು.

"ವಿಷಯ: ರತ್ನಿ ಎಂಬುವವರಿಗೆ ತುರ್ತಾಗಿ ನೀರು ಒದಗಿಸುವ ಬಗ್ಗೆ. ಸದರಿ ಮಹಿಳೆಯನ್ನು ತಾವು ಒಂಟಿಯಾಗಿ ಬಿಟ್ಟು ತಿಂಗಳಾಗಿದ್ದು, ಆಕೆಯ ಬಳಿ ಕುಡಿಯುವ ನೀರು ಮುಗಿಯುವ ಹಂತದಲ್ಲಿರುವುದು ತಮ್ಮ ಗಮನದಲ್ಲಿರುತ್ತದೆ. ಆದ್ದರಿಂದ ಈ ಪತ್ರ ತಲುಪಿದ ಕೂಡಲೇ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು. ತಪ್ಪಿದಲ್ಲಿ ಮುಂದಿನ ಆಗುಹೋಗುಗಳಿಗೆ ತಾವೇ ನೇರ ಹೊಣೆಗಾರರಾಗುತ್ತೀರೆಂದು ಈ ಮೂಲಕ ತಿಳಿಯಪಡಿಸಲಾಗಿದೆ."

ಮಾರನೆಯ ದಿನ ನಾನು ಹೋದಾಗ ಅವರು ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಉತ್ತರ ಬಂದಿತ್ತು:

"ಸಾರ್, ತಪ್ಪಾಗಿದ್ದರೆ ಕ್ಷಮಿಸಿ. ನಾನು ಸುಮ್ಮನೆ ಬರೆಯುತ್ತಿದ್ದೆ. ಯಾವ ರತ್ನಿಯೂ ನನಗೆ ಗೊತ್ತಿಲ್ಲ. ಎಲ್ಲವನ್ನೂ ತೆಗೆದುಹಾಕುತ್ತೇನೆ. ದಯವಿಟ್ಟು ನಮ್ಮ ಮನೆಯವರಿಗೆ ತಿಳಿಸಬೇಡಿ."

ಅವರು ಅದಕ್ಕೆ ಮರುಉತ್ತರ ಬರೆಯುವಷ್ಟರಲ್ಲಿ ಕಥೆಯೂ ಇಲ್ಲ, ಹೊಂಗೆನೆರಳೂ ಇಲ್ಲ. ಖಾತೆಯನ್ನೇ ಅಳಿಸಿದ್ದರು. ಪ್ರೀತಿಯಿಂದ ಬರೆದದ್ದು ನೋಟಿಸಾಗಿ ಹೋಗಿ ತಲುಪಿತ್ತು. ನನಗೆ ಮೊದಲು ನಗು ಬಂತು. ಅವರ ಮುಖ ನೋಡಿದ ಮೇಲೆ ನಗಲಾಗಲಿಲ್ಲ.

"ಹೆಣ್ಮಗಳು ಮೇಡಂ. ಮನೆಯವರಿಗೆ ಗೊತ್ತಾಗದ ಹಾಗೆ ಬರೀತಿದ್ಲು. ಎಷ್ಟು ಹೆದರಿದಾಳೆ ನೋಡಿ" ಎಂದರು. ಮೊಬೈಲನ್ನು ವಾಪಸ್ ಇಸಿದುಕೊಂಡು, "ರತ್ನೀನ ಎರಡನೇ ಸಲ ಬಿಟ್ಟುಹೋದ ಹಾಗಾಯ್ತು. ಈ ಸಲ ಬಿಡಿಸಿದ್ದು ನಾನು" ಎಂದರು.

ಈಗ ಆ ಕಥೆ ಲೋಕದಲ್ಲಿ ಉಳಿದಿದ್ದದ್ದು ಅವರ ರದ್ದಿ ಹಾಳೆಗಳ ಬೆನ್ನಿನ ಮೇಲೆ ಮಾತ್ರ. ಅದನ್ನು ಬರೆದವಳಿಗೆ ಮುಟ್ಟಿಸಲೇಬೇಕೆಂದು ಅವರು ತೀರ್ಮಾನಿಸಿದರು. ಎಲ್ಲಿ ಹುಡುಕುವುದು? ಅದಕ್ಕೂ ಅವರಲ್ಲಿ ಉತ್ತರವಿತ್ತು. ಕರಿಕಲ್ಲಿನ ಕಂಬ, ಎದುರು ನಿಂತರೆ ಮುಖ ಕಾಣುವಂಥ ನುಣುಪು, ಒಂದೇ ಕಂಬದಲ್ಲಿ ಒಬ್ಬಳೇ ನಾಲ್ಕಾಗಿ ಕಾಣುವುದು. "ಇದು ಬಸ್ತಿಹಳ್ಳಿ ಬಸದಿ ಕಂಬ ಅಲ್ದೆ ಇನ್ನೇನು? ಅದನ್ನ ದಿನಾ ನೋಡ್ದೋರೇ ಹಿಂಗೆ ಬರೆಯೋಕಾಗೋದು" ಎಂದರು. ನಾನು ಬೇಡವೆಂದೆ. ತಿಳಿಸಬೇಡಿ ಎಂದು ಬೇಡಿಕೊಂಡವಳನ್ನು ಹುಡುಕಿಕೊಂಡು ಹೋಗುವುದು ಸರಿಯಲ್ಲ ಎಂದೆ.

"ಹೆಸರು ಕೇಳಲ್ಲ, ಮನೆ ಬಾಗಿಲಿಗೆ ಹೋಗಲ್ಲ. ಹೆದರಿಸಿದ್ದು ನಾನು. ಹೆದರಬೇಡಮ್ಮ ಅಂತ ಹೇಳ್ಬೇಕಾದೋನೂ ನಾನೇ ತಾನೆ?" ಎಂದರು. ಯಾವತ್ತು ಹೋಗೋದು ಎಂದು ಕೇಳಿದೆ.

ಭಾನುವಾರ ಅವರು ಬೇಲೂರಿನಿಂದ, ನಾನು ಅರಸೀಕೆರೆಯಿಂದ ಬಂದು ಹಳೇಬೀಡಿನಲ್ಲಿ ಇಳಿದೆವು. ಬಸ್ತಿಹಳ್ಳಿ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಪ್ರವಾಸಿಗಳ ಗದ್ದಲವೆಲ್ಲ ದೊಡ್ಡ ದೇವಸ್ಥಾನದ ಕಡೆಗೇ. ಬಸದಿಯ ಒಳಗೆ ನಾವಿಬ್ಬರೇ ಇದ್ದೆವು. ಚಂದ್ರಪಾಲ್ ಒಂದು ಕಂಬದ ಮುಂದೆ ನಿಂತು, ಭುಜ ನೇರ ಮಾಡಿಕೊಂಡು, ಬಹಳ ಹೊತ್ತು ಅದರಲ್ಲಿ ನೋಡುತ್ತಿದ್ದರು. "ಇದೇ ಮೇಡಂ" ಎಂದರು. ಆಮೇಲೆ ಹಾಳೆಗಳ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಊರೊಳಕ್ಕೆ ನಡೆದರು.

ಅಲ್ಲೇ ಎಡವಟ್ಟಾದದ್ದು. ಕನ್ನಡಕ, ಇಸ್ತ್ರಿ ಅಂಗಿ, ಕಂಕುಳಲ್ಲಿ ಫೈಲು, ಜೊತೆಗೆ ಬ್ಯಾಗು ನೇತುಹಾಕಿಕೊಂಡ ಒಬ್ಬ ಮೇಡಂ. ಟೀ ಅಂಗಡಿಯವರು ನಮ್ಮನ್ನು ಕಂಡೊಡನೆ ಎದ್ದು ನಿಂತು, "ಯಾವ ಡಿಪಾರ್ಟ್‌ಮೆಂಟು ಸಾರ್?" ಎಂದರು. "ಡಿಪಾರ್ಟ್‌ಮೆಂಟಲ್ಲಪ್ಪ. ಈ ಊರಲ್ಲಿ ಮೊಬೈಲಲ್ಲಿ ಬರೆಯೋರು ಯಾರಾದ್ರೂ ಇದಾರಾ, ಹೆಣ್ಮಕ್ಕಳು?" ಎಂದು ಚಂದ್ರಪಾಲ್ ಕೇಳಿದರು. ಕೇಳಿದ ರೀತಿಯೂ ವಿಚಾರಣೆಯಂತೆಯೇ ಇತ್ತು. "ನಮ್ಮೂರಲ್ಲಿ ಅಂಥೋರು ಯಾರೂ ಇಲ್ಲ ಸಾರ್. ಎಲ್ಲಾ ಮರ್ಯಾದಸ್ತರು" ಎಂದು ಆತ ಕೈಮುಗಿದುಬಿಟ್ಟ. ನಾವು ಮುಂದಿನ ಬೀದಿಗೆ ತಿರುಗುವ ಮೊದಲೇ ಸುದ್ದಿ ಅಲ್ಲಿಗೆ ತಲುಪಿತ್ತು. ಜಗಲಿಯ ಮೇಲೆ ಕೂತಿದ್ದ ಹೆಂಗಸರು ಒಳಗೆ ಹೋದರು.

ಒಬ್ಬ ಮುದುಕಿ ಮಾತ್ರ ಎದುರು ಬಂದು ನಿಂತಳು. "ಎನ್ಕ್ವೇರಿಗೆ ಬಂದಿದ್ದೀರಂತಲ್ಲ ಸ್ವಾಮಿ. ನಂದು ಪಿಂಚಣಿ ನಿಂತೋಗೈತೆ. ಮೊದ್ಲು ಅದ್ನ ಬರ್ಕೊಳ್ಳಿ."

"ನಾನು ಅದಕ್ಕೆ ಬಂದೋನಲ್ಲ ಕಣಜ್ಜಿ" ಎಂದರು ಚಂದ್ರಪಾಲ್.

"ಮತ್ಯಾಕ್ ಬಂದ್ರಿ?"

ಅವರು ಫೈಲನ್ನು ಪಕ್ಕಕ್ಕಿಟ್ಟು ಅಜ್ಜಿಯ ಜಗಲಿಯ ಮೇಲೆ ಕೂತರು. ನನ್ನ ಬ್ಯಾಗಿನಿಂದ ಬಿಳಿ ಹಾಳೆ ಇಸಿದುಕೊಂಡು, ಮಾನ್ಯರೇ ಎಂದು ಶುರುಮಾಡಿದರು. ಅಜ್ಜಿಯದು ಮುಗಿಯುವ ಹೊತ್ತಿಗೆ ಇನ್ನೊಬ್ಬರು ಬಂದು ನಿಂತಿದ್ದರು. ಅವರ ಹಿಂದೆ ಮತ್ತೊಬ್ಬರು. ಒಳಗೆ ಹೋಗಿದ್ದ ಹೆಂಗಸರೂ ಒಬ್ಬೊಬ್ಬರಾಗಿ ರೇಷನ್ ಕಾರ್ಡು ಹಿಡಿದು ಹೊರಗೆ ಬಂದರು. ಸಂಜೆಯ ತನಕ ಅವರು ತಲೆಯೆತ್ತಲಿಲ್ಲ. ರತ್ನಿಯ ಫೈಲು ಪಕ್ಕದಲ್ಲಿ ಬಿದ್ದಿತ್ತು. ಬಂದ ಹೆಂಗಸರಲ್ಲಿ ಯಾರಾದರೂ ಅದನ್ನು ಎರಡನೇ ಸಲ ನೋಡುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಯಾರೂ ನೋಡಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಾನು, "ಹುಡ್ಕೋಕೆ ಬಂದಿದ್ದು ಕಥೆ ಬರೆದೋಳ್ನ, ಬರೆದಿದ್ದು ಅರ್ಜಿ" ಎಂದು ಕೀಟಲೆ ಮಾಡಿದೆ. ಅವರು ನಗಲಿಲ್ಲ.

"ನನ್ನ ಕೈಗೆ ಬರೋದು ಅದೊಂದೇ ಮೇಡಂ. ಅದರಿಂದಾನೇ ಅವಳು ಓಡಿಹೋಗಿದ್ದು" ಎಂದರು.

ಆಮೇಲೆ ಅವರು ಕಥೆ ಓದುವುದನ್ನು ಬಿಟ್ಟರು. ನಾನು ಮೊಬೈಲಿನಲ್ಲಿ ಹುಡುಕಿ, "ಇಲ್ಲೊಂದು ಚೆನ್ನಾಗಿದೆ, ನೋಡಿ" ಎಂದರೆ, "ಆಮೇಲೆ ನೋಡ್ತೀನಿ" ಎನ್ನುತ್ತಿದ್ದರು. ಅಭಿಪ್ರಾಯ ಬರೆಯುವುದಂತೂ ಇಲ್ಲವೇ ಇಲ್ಲ. ಅರ್ಜಿಗಳನ್ನು ಮಾತ್ರ ಮೊದಲಿಗಿಂತ ಹೆಚ್ಚು ಬರೆದರು. ಟೀ ತರಿಸುತ್ತಿದ್ದರು, ನಾವು ಕುಡಿಯುತ್ತಿದ್ದೆವು, ಮಾತಿಗೆ ಏನೂ ಸಿಗುತ್ತಿರಲಿಲ್ಲ. ಕೂತಿದ್ದು ಎದುರುಬದುರೇ ಆದರೂ ನನಗೆ ಅವರು ಬಹಳ ದೂರ ಹೋದಂತೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ನಡುವೆ ಅವರೇ, "ಏನಾಗಿರಬೋದು ಮೇಡಂ ರತ್ನಿ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಯಂತ್ರದ ಕಡೆ ತಿರುಗುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ದಿನ ಅಂಗಡಿಯ ಬಾಗಿಲು ಎಳೆದಿತ್ತು. ಎದೆನೋವು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಪಕ್ಕದ ಟೀ ಅಂಗಡಿಯವರು ಹೇಳಿದರು. ಭಾನುವಾರ ಹೋಗಿ ನೋಡಿದೆ. ಆರಡಿ ಆಳು ಮಂಚದ ತುಂಬ ಮೂಳೆಯಾಗಿ ಮಲಗಿದ್ದರು. ಅತ್ತ ಇತ್ತ ಯಾರೂ ಇರಲಿಲ್ಲ. ತಮ್ಮ ಬೆಳಿಗ್ಗೆ ಬಂದುಹೋದರಂತೆ. ನನ್ನನ್ನು ಕಂಡು ಅವರಿಗೆ ಖುಷಿಯಾಯಿತು; ಅದನ್ನು ಅವರು ಮುಚ್ಚಿಡಲಿಲ್ಲ. ಕಿತ್ತಳೆ ಸುಲಿದು ಕೊಟ್ಟೆ. ಒಂದು ತೊಳೆ ತಿಂದು ಸಾಕೆಂದರು.

"ರತ್ನಿ ಏನಾದ್ಲು ಮೇಡಂ?" ಎಂದು ಕೇಳಿದರು. ಈ ಸಲ ಅತ್ತ ತಿರುಗಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಾ ಕಾದರು.

ನಾನು ಜೀವನದಲ್ಲಿ ಒಂದು ಕಥೆ ಕಟ್ಟಿದವಳಲ್ಲ. ಆದರೂ ಬಾಯಿಗೆ ಬಂದದ್ದನ್ನು ಹೇಳಿದೆ. ರತ್ನಿ ಗಾಜಿನ ಮನೆಯ ಹಿಂದೆ ನೆಲ ಕೊರೆದಳು, ತಳದಲ್ಲಿ ನೀರು ಸಿಕ್ಕಿತು, ಅಷ್ಟರಲ್ಲಿ ತಂಡದವರಿಗೂ ಅವಳ ನೆನಪಾಗಿ ನೌಕೆ ತಿರುಗಿ ಬಂತು, ಎಲ್ಲರೂ ಕ್ಷಮೆ ಕೇಳಿದರು ಎಂದೆಲ್ಲ ಹೇಳಿ ಮುಗಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಚೆನ್ನಾಗಿಲ್ಲ ಕಣಮ್ಮ" ಎಂದರು. ಅಲ್ಲಿಯ ತನಕ ಅವರು ನನ್ನನ್ನು ಅಮ್ಮ ಎಂದು ಕರೆದವರಲ್ಲ. "ನೆಲ ಕೊರೆಯೋಕೆ ಕರೆಂಟೆಲ್ಲಿತ್ತು? ಬ್ಯಾಟರಿ ಎಂಟನೇ ಕಂತಲ್ಲೇ ಹೋಗಿದೆಯಲ್ಲ."

"ನನಗೆ ಬರೋದು ಜಮಾ ಖರ್ಚು. ಇಷ್ಟೇ ಆಗೋದು" ಎಂದೆ.

"ನೀವು ಅವಳ್ನ ಉಳಿಸೋ ಅವಸರದಲ್ಲಿದೀರಿ. ಅವಳ್ನ ನೋಡ್ತಾನೇ ಇಲ್ಲ. ಒಂದು ಗಳಿಗೆ ಸುಮ್ನೆ ಅವಳ ಪಕ್ಕ ಕೂತ್ಕೊಳ್ಳಿ. ಬೆಳಿಗ್ಗೆ ಎದ್ದು ಏನ್ಮಾಡ್ತಾಳೆ, ಎಲ್ಲಿ ಕೈ ಹಾಕ್ತಾಳೆ, ನೋಡಿ. ನೀರು ಎಲ್ಲಿದೆ ಅಂತ ಅವಳೇ ಹೇಳ್ತಾಳೆ." ಉಸಿರು ತೆಗೆದುಕೊಂಡು, "ಸರಿ ಮಾಡ್ಕೊಂಡು ಮುಂದಿನ ಭಾನುವಾರ ಬನ್ನಿ" ಎಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಹಳೆಯ ಜಗಳಗಂಟತನ ಕಂಡು ನನಗೆ ಜೀವ ಬಂದಂತಾಯಿತು.

ಆ ವಾರವೆಲ್ಲ ನಾನು ರತ್ನಿಯ ಪಕ್ಕ ಕೂತಿದ್ದೆ. ಪಾಠ ಮಾಡುವಾಗಲೂ ಅವಳೇ, ಅಡುಗೆ ಮಾಡುವಾಗಲೂ ಅವಳೇ. ಶನಿವಾರ ಬೆಳಗಿನ ಬಸ್ಸಿನಲ್ಲಿ ಮಾಲೇಕಲ್ಲು ಬೆಟ್ಟದ ದೇವರಿಗೆ ಬಂದು ಹಿಂತಿರುಗುವ ಭಕ್ತರು ಕಿಕ್ಕಿರಿದಿದ್ದರು. ಹೊರಗೆ ಕೊರೆಯುವ ಚಳಿ. ಯಾರೂ ಕಿಟಕಿ ತೆಗೆದಿರಲಿಲ್ಲ. ಅಷ್ಟೂ ಜನರ ಉಸಿರು ಗಾಜಿನ ಒಳಬದಿಗೆ ಹನಿಗಟ್ಟಿ, ಗೆರೆಗೆರೆಯಾಗಿ ನನ್ನ ತೋಳಿನ ಮೇಲೆ ಇಳಿಯುತ್ತಿತ್ತು. ನಾನು ಬೆರಳಿನಿಂದ ಗಾಜು ಒರೆಸಿದೆ. ಬೆರಳು ಒದ್ದೆಯಾಯಿತು. ಮುಚ್ಚಿದ ಗಾಜಿನ ಮನೆಯಲ್ಲಿ ಒಬ್ಬಳೇ ಉಸಿರಾಡುತ್ತಿರುವವಳು ಬೆಳಿಗ್ಗೆ ಎದ್ದು ಕೈ ಹಾಕುವುದು ಗೋಡೆಗೆ. ನೀರಿದ್ದದ್ದು ಅಲ್ಲೇ. ನನಗೆ ಅಲ್ಲೇ ಎದ್ದು ನಿಂತು ಯಾರಿಗಾದರೂ ಹೇಳಬೇಕೆನ್ನಿಸಿತು.

ಭಾನುವಾರ ಆಸ್ಪತ್ರೆಯ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದೆ. ಮಂಚದ ಮೇಲೆ ಬೇರೆ ಯಾರೋ ಇದ್ದರು. ನರ್ಸಮ್ಮ, "ಅವರು ಬೆಳಗಿನ ಜಾವಾನೇ ಹೋಗ್ಬಿಟ್ರಲ್ಲ. ತಮ್ಮ ಇನ್ನೂ ಕೆಳಗಿದಾರೆ ನೋಡಿ" ಎಂದರು. ಕೆಳಗೆ ಆಂಬುಲೆನ್ಸಿನ ಪಕ್ಕ ಒಬ್ಬರು ನಿಂತಿದ್ದರು. ಅದೇ ಎತ್ತರ, ಭುಜ ಮಾತ್ರ ನೆಟ್ಟಗಿತ್ತು. ಬಹಳ ಸೋತಿದ್ದರು.

"ತಾವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದು ವಿನಯದಿಂದಲೇ ಕೇಳಿದರು.

ಬಂಧುವಲ್ಲ, ಸಹೋದ್ಯೋಗಿಯಲ್ಲ, ನೆರೆಯವಳೂ ಅಲ್ಲ. "ನಾವು ಒಟ್ಟಿಗೆ ಕಥೆ ಓದ್ತಿದ್ವಿ" ಎಂದೆ. ಅವರು ತಲೆಯಾಡಿಸಿದರು. ವಾಹನದ ಬಾಗಿಲು ಮುಚ್ಚಿದರು. ಹೇಳಲು ಬಂದದ್ದನ್ನು ಹಾಗೇ ಹೊತ್ತುಕೊಂಡು ನಾನು ಬಸ್ಸು ಹತ್ತಿದೆ.

ಒಂದು ತಿಂಗಳು ಬಿಟ್ಟು ರತ್ನಿಯ ಕೊನೆಯ ಕಂತನ್ನು ನನಗೆ ತಿಳಿದಂತೆ ಬರೆದೆ. ಅಂತರ್ಜಾಲದ ಅದೇ ಜಾಗದಲ್ಲಿ, ನನ್ನ ನಿಜವಾದ ಹೆಸರಿನಲ್ಲಿ ಹಾಕಿದೆ. ಇದು ಹೊಂಗೆನೆರಳು ಅವರ ಕಥೆ, ಅವರು ಬೇಡವೆಂದರೆ ಆ ಕ್ಷಣವೇ ತೆಗೆಯುತ್ತೇನೆ, ಯಾರೂ ಹೆದರಬೇಕಾಗಿಲ್ಲ ಎಂದು ಮೇಲೆ ಬರೆದಿದ್ದೇನೆ. ಹೊಂಗೆನೆರಳು ಈತನಕ ಬಂದಿಲ್ಲ. ಯಾರೋ ಇಬ್ಬರು ಕೆಳಗೆ 'ಸೂಪರ್' ಎಂದು ಬರೆದು ಹೋಗಿದ್ದಾರೆ.

ನನ್ನ ಕಂತಿನಲ್ಲಿ ರತ್ನಿ ಕುಡಿದ ನೀರೇ ಉಸಿರಾಗಿ ಗೋಡೆಗೆ ಹತ್ತುತ್ತದೆ, ಅದನ್ನೇ ಅವಳು ಒರೆಸಿಕೊಂಡು ಕುಡಿಯುತ್ತಾಳೆ. ಹಾಗೆ ತಿರುಗಿ ಬರುವುದು ಎಷ್ಟು ದಿನಕ್ಕಾದೀತು? ನನ್ನ ಲೆಕ್ಕದಲ್ಲಿ ಎಲ್ಲೋ ಒಂದು ತಪ್ಪಿದೆ. ಅದನ್ನು ಯಾರೂ ಕೇಳಿಲ್ಲ.